ಅಲಬಾಮಾ ಈಗಲೂ ಹತ್ತಿಯ ನಾಡಾ?

ಪ್ರಶ್ನೆ: ಅಮೆರಿಕದ ದಕ್ಷಿಣ ಭಾಗ ಅಂದರೆ ಹತ್ತಿ ಅಂತ ಶಾಲೆಯ ಭೂಗೋಳದಲ್ಲಿ ಓದಿದ ನೆನಪು. ಅಲಬಾಮಾದಂಥ ರಾಜ್ಯ ಈಗಲೂ ಹತ್ತಿ ನಂಬಿಕೊಂಡೇ ಬದುಕಿದೆಯಾ?

ಇಲ್ಲ. ಹತ್ತಿ ಇದೆ, ಆದರೆ ರಾಜ್ಯ ನಡೆಯುವುದು ಅದರಿಂದಲ್ಲ. ಕಾರು, ರಾಕೆಟ್, ವಿಮಾನ, ಉಕ್ಕು ಇವೆಲ್ಲ ಮುಂದೆ ಹೋಗಿವೆ. ಬರೀ ಕೃಷಿಯ ಲೆಕ್ಕ ಹಿಡಿದರೂ ಹತ್ತಿಗಿಂತ ಬ್ರಾಯ್ಲರ್ ಕೋಳಿಯ ದುಡ್ಡೇ ಎಷ್ಟೋ ಜಾಸ್ತಿ. ಇನ್ನೂ ಒಂದು ವಿಚಿತ್ರ ಇದೆ. ಯಾವ ಮಣ್ಣಿನಿಂದ ಅಲಬಾಮಾಕ್ಕೆ 'ಹತ್ತಿ ರಾಜ್ಯ' ಅನ್ನುವ ಹೆಸರು ಬಂತೋ, ಆ ಮಣ್ಣಿನಲ್ಲೇ ಇವತ್ತು ಹತ್ತಿ ಅಪರೂಪ.

ಆ ಮಣ್ಣನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಾಜ್ಯದ ನಡುವೆ, ಸೊಂಟಕ್ಕೆ ಪಟ್ಟಿ ಕಟ್ಟಿದ ಹಾಗೆ, ಪೂರ್ವದಿಂದ ಪಶ್ಚಿಮಕ್ಕೆ ಕಪ್ಪು ನೆಲ ಹಾದುಹೋಗುತ್ತದೆ. ಅದನ್ನು ಬ್ಲ್ಯಾಕ್ ಬೆಲ್ಟ್ ಅಂತಾರೆ. ನವಲಗುಂದ, ನರಗುಂದದ ಕಡೆಯವರಿಗೆ ಇದರ ಗುಣ ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹುಟ್ಟು ಮಾತ್ರ ಬೇರೆ. ದಖನ್ನಿನ ಎರೆ ಮಣ್ಣು ಬಹುಪಾಲು ಲಾವಾ ಗಟ್ಟಿಯಾದ ಕಲ್ಲಿನಿಂದ ಬಂದದ್ದು. ಅಲಬಾಮಾದ್ದು ಡೈನೋಸಾರ್ ಕಾಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕಲ್ಲಿನಿಂದ.

ಹವೆಯೂ ಹತ್ತಿಗೆ ಒಪ್ಪುವಂಥದ್ದೇ. ಬೇಸಿಗೆ ಉದ್ದ, ಬೆವರು ಆರದಷ್ಟು ಸೆಕೆ. ನಮ್ಮ ಹಾಗೆ ನಾಲ್ಕು ತಿಂಗಳ ಮಳೆಗಾಲ ಅಂತಿಲ್ಲ, ಮೆಕ್ಸಿಕೋ ಕೊಲ್ಲಿಯ ತೇವ ಬಂದು ವರ್ಷವಿಡೀ ಮಳೆ ಹಂಚಿಕೊಂಡು ಬೀಳುತ್ತದೆ. ದಕ್ಷಿಣದ ತುದಿಯ ಮೊಬೀಲ್ ಬಂದರಿನಲ್ಲಿ ವರ್ಷಕ್ಕೆ ಸುಮಾರು 1,650 ಮಿಲಿಮೀಟರ್. ಸುಂಟರಗಾಳಿಯ ಕಾಟ ಬೇರೆ. 2011ರ ಏಪ್ರಿಲ್ 27ರ ಒಂದೇ ದಿನ ರಾಜ್ಯಕ್ಕೆ 60ಕ್ಕೂ ಹೆಚ್ಚು ಸುಂಟರಗಾಳಿ ಬಡಿದು 200ಕ್ಕೂ ಹೆಚ್ಚು ಜನ ಸತ್ತರು.

ಮಣ್ಣು, ಮಳೆ ಎರಡೇ ಹತ್ತಿ ಬೆಳೆಯಲಿಲ್ಲ, ಅಲ್ವಾ? 1860ರ ಜನಗಣತಿಯಲ್ಲಿ ಅಲಬಾಮಾದ ಜನ ಸುಮಾರು 9.64 ಲಕ್ಷ. ಅದರಲ್ಲಿ 4.35 ಲಕ್ಷ ಮಂದಿ ಗುಲಾಮರು. ಹತ್ತಿ ಬಿಡಿಸಿದ್ದು ಅವರ ಕೈ. ಮರುವರ್ಷ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ಪರದಾಡಿದಾಗ ಧಾರವಾಡದ ಹತ್ತಿಗೂ ರೇಟು ಏರಿತು. ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಇಂಗ್ಲಿಷರು ಅಮೆರಿಕದ ಬೀಜ ತಂದು ಅಲ್ಲಿ ಬಿತ್ತಿಸಿದ್ದರು. 'ಧಾರವಾಡ-ಅಮೆರಿಕನ್' ಅನ್ನುವ ತಳಿಯ ಹೆಸರು ಬಂದದ್ದು ಹಾಗೆ.

ಯುದ್ಧ ಮುಗಿಯಿತು, ಗುಲಾಮಗಿರಿ ಹೋಯಿತು, ಹತ್ತಿ ಮಾತ್ರ ಉಳಿಯಿತು. ಸ್ವತಂತ್ರರಾದವರು ಅದೇ ಧಣಿಗಳ ಹೊಲವನ್ನು ಪಾಲಿಗೆ ಮಾಡುತ್ತಾ ಸಾಲದಲ್ಲಿ ಸಿಕ್ಕಿಕೊಂಡರು. ಹತ್ತಿಯ ಹಿಡಿತ ಸಡಿಲಿಸಿದ್ದರಲ್ಲಿ ಅರ್ಧ ಸೆಂಟಿಮೀಟರಿಗಿಂತ ಚೂರು ದೊಡ್ಡದಿರುವ ಒಂದು ಮೂತಿಹುಳುವಿನ ಪಾಲು ದೊಡ್ಡದು. ಮೆಕ್ಸಿಕೋದಿಂದ 1890ರ ದಶಕದಲ್ಲಿ ಟೆಕ್ಸಾಸ್‌ಗೆ ನುಗ್ಗಿದ್ದು, 1915ರ ಹೊತ್ತಿಗೆ ಅಲಬಾಮಾದ ಹೊಲಗಳಲ್ಲಿತ್ತು. ಹೆಣ್ಣು ಹುಳು ಮೊಗ್ಗಿಗೆ ಮೂತಿಯಿಂದ ತೂತು ಕೊರೆದು ಮೊಟ್ಟೆ ಇಡುತ್ತದೆ. ಮರಿ ಒಳಗಿಂದ ತಿನ್ನುತ್ತದೆ, ಮೊಗ್ಗು ಉದುರುತ್ತದೆ. ಗಿಡ ಹಸಿರಾಗೇ ನಿಂತಿರುತ್ತದೆ, ಕಾಯಿ ಇಲ್ಲ.

ಆಗ್ನೇಯದ ಎಂಟರ್‌ಪ್ರೈಸ್ ಎಂಬ ಊರಿನ ರೈತರು ಬೇರೆ ದಾರಿಯಿಲ್ಲದೆ ಶೇಂಗಾ ಹಾಕಿದರು. ಅಲ್ಲಿಯದು ಮರಳು ಮಣ್ಣು, ಕಿತ್ತರೆ ಬಳ್ಳಿ ಸಲೀಸಾಗಿ ಬರುತ್ತದೆ. ಒಂದೆರಡು ವರ್ಷದಲ್ಲಿ ಸಾಲ ತೀರಿಸಿಕೊಂಡ ಊರು 1919ರಲ್ಲಿ ನಡುಬೀದಿಯಲ್ಲಿ ಆ ಹುಳಕ್ಕೇ ಸ್ಮಾರಕ ಕಟ್ಟಿತು! ಬೆಳೆ ತಿಂದ ಹುಳಕ್ಕೆ ಕೃತಜ್ಞತೆಯ ಒಕ್ಕಣೆ. ತಮಾಷೆ ಅಂದರೆ, ಮೊದಲು ಇದ್ದದ್ದು ಕೈಯೆತ್ತಿ ನಿಂತ ಹೆಂಗಸಿನ ಪ್ರತಿಮೆ ಮಾತ್ರ. ಆಕೆಯ ಕೈಯಲ್ಲಿ ಹುಳ ಕೂತದ್ದು 1949ರಲ್ಲಿ. ಆಮೇಲೆ ಅದು ಹಲವು ಸಲ ಕಳುವಾಯಿತು. (ಅಲಬಾಮಾದ್ದೇ ಊರಾದ ಟಸ್ಕೀಗೀಯಲ್ಲಿ ಶೇಂಗಾ ಬಗ್ಗೆ ಪ್ರಚಾರ ಮಾಡಿದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಪೀನಟ್ ಬಟರ್ ಕಂಡುಹಿಡಿದರು ಅಂತ ಎಲ್ಲೆಡೆ ಓದುತ್ತೇವೆ. ಅದು ಸುಮ್ನೆ ಕಥೆ.)

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಅಕ್ಕಪಕ್ಕದಲ್ಲೇ ಸಿಕ್ಕಿದ್ದರಿಂದ 1871ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಹುಟ್ಟಿತು. ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್-5 ರಾಕೆಟ್ ರೂಪುಗೊಂಡದ್ದು ಉತ್ತರದ ಹಂಟ್ಸ್‌ವಿಲ್‌ನಲ್ಲಿ. 1993ರಲ್ಲಿ ಮರ್ಸಿಡಿಸ್ ಕಂಪನಿಯನ್ನು ಕರೆತರಲು ಸರ್ಕಾರ ಸುಮಾರು 25 ಕೋಟಿ ಡಾಲರ್‌ನಷ್ಟು ರಿಯಾಯಿತಿ ಕೊಟ್ಟಾಗ ಜನ ಬೈದರು. ಆದರೆ ಹೋಂಡಾ, ಹ್ಯುಂಡೈ ಹಿಂದೆಯೇ ಬಂದವು.

ಈ ಕಾರ್ಖಾನೆಗಳ ದುಡ್ಡು ಎರೆ ನೆಲದ ಹಳ್ಳಿಗಳಿಗೆ ಅಷ್ಟಾಗಿ ಇಳಿದಿಲ್ಲ. ರಾಜ್ಯದ ಬಡ ಕೌಂಟಿಗಳು (ನಮ್ಮ ಜಿಲ್ಲೆಗಳಿದ್ದ ಹಾಗೆ) ಯಾವುವು ಅಂತ ನಕ್ಷೆ ತೆಗೆದರೆ ಆ ಹಳೇ ಕಪ್ಪು ಪಟ್ಟಿಯೇ ಮತ್ತೆ ಕಾಣುತ್ತದೆ. ಹತ್ತಿ ಹೋದ ಜಾಗದಲ್ಲಿ ದನಗಳ ಹುಲ್ಲುಗಾವಲು ಬಂದಿದೆ, ಪಶ್ಚಿಮಕ್ಕೆ ಕ್ಯಾಟ್‌ಫಿಶ್ ಹೊಂಡಗಳಿವೆ. ಜೇಡಿ ನೀರು ಇಂಗಲು ಬಿಡುವುದಿಲ್ಲ, ಮೀನಿಗೆ ಅದೇ ಬೇಕು. ಆದರೆ ಲೌಂಡ್ಸ್ ಕೌಂಟಿಯ ಬಡವರ ಮನೆಗಳಲ್ಲಿ ಅದೇ ಜೇಡಿ ಸೆಪ್ಟಿಕ್ ಟ್ಯಾಂಕಿನ ನೀರನ್ನೂ ಇಂಗಿಸಿಕೊಳ್ಳುವುದಿಲ್ಲ. ಜೋರು ಮಳೆ ಬಂದರೆ ಕೊಳಚೆ ಹಿತ್ತಲಿಗೆ, ಕೆಲವು ಸಲ ಬಚ್ಚಲಿಗೇ ಉಕ್ಕಿ ಬರುತ್ತದೆ.