ಸುಲ್ತಾನ್ ಬತ್ತೇರಿಯ ಸುರಂಗ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮಂಗಳೂರಿನಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜಾದ ಸುಲ್ತಾನ್ ಬತ್ತೇರಿಯಿಂದ ಶ್ರೀರಂಗಪಟ್ಟಣಕ್ಕೆ ಅವನು ಸುರಂಗ ತೋಡಿಸಿದ್ದನಂತೆ. ನಿಜವೇ?

ಉತ್ತರ: ಇಲ್ಲ. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಗೂ ಇದೇ ಕಥೆ ಅಂಟಿಕೊಂಡಿದೆ. ಟಿಪ್ಪುವಿನ ಕೋಟೆಯಲ್ಲಿ ಒಂದು ಕತ್ತಲೆ ಕೋಣೆ ಕಂಡರೆ ಸಾಕು, ಅದು ಶ್ರೀರಂಗಪಟ್ಟಣ ಸೇರಿಬಿಡುತ್ತದೆ!

ಲೆಕ್ಕ ಹಾಕಿ ನೋಡಿ. ನೇರ ಗೆರೆ ಎಳೆದರೂ ಎರಡು ಊರುಗಳ ನಡುವೆ 200 ಕಿ.ಮೀ. ಮೀರುತ್ತದೆ. 2016ರಲ್ಲಿ ತೆರೆದ ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ರೈಲು ಸುರಂಗವೇ 57 ಕಿ.ಮೀ. ಆಳು ನಡೆಯುವಷ್ಟು, ಅಂದರೆ 2 ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲ ತೋಡಿದರೂ 6 ಲಕ್ಷ ಘನ ಮೀಟರ್ ಕಲ್ಲುಮಣ್ಣು ಹೊರಬರಬೇಕು. ಆ ಗುಡ್ಡೆ ಎಲ್ಲಿದೆ? ಬತ್ತೇರಿ ಕಟ್ಟಿದ್ದು 1784ರಲ್ಲಿ, ಟಿಪ್ಪು ಸತ್ತಿದ್ದು 1799ರಲ್ಲಿ. ಇರುವುದು ಹದಿನೈದೇ ವರ್ಷ. ಮೇಲಾಗಿ ಬತ್ತೇರಿ ಇರುವ ಬೋಳೂರಿನಲ್ಲಿ ಪಕ್ಕದಲ್ಲೇ ಗುರುಪುರ ಹೊಳೆ, ಭರತ ಬಂದರೆ ಉಪ್ಪುನೀರು. ಅಲ್ಲಿ ಆಳಕ್ಕೆ ಅಗೆದರೆ ಒಸರುವ ನೀರನ್ನು ವಿದ್ಯುತ್ ಪಂಪಿಲ್ಲದ ಕಾಲದಲ್ಲಿ ಎತ್ತಿ ಹಾಕುವವರು ಯಾರು? ಗಾಳಿಗಿಂಡಿಯಿಲ್ಲದ ಸುರಂಗದಲ್ಲಿ ಪಂಜು ಎಷ್ಟು ದೂರ ಉರಿದೀತು?

ಬತ್ತೇರಿಯ ಕೆಳಗಿರುವುದು ಸಿಡಿಮದ್ದಿನ ಉಗ್ರಾಣ, ಅಷ್ಟೇ. ತುಪಾಕಿ, ಫಿರಂಗಿ ಹಾರಿಸುವವರು ಮೇಲಿನ ಜಗಲಿಯಲ್ಲಿ. ಒಂದು ಕಿಡಿ ಸಿಡಿದರೆ ಎಲ್ಲರೂ ಹೋದಂತೆ, ಹಾಗಾಗಿ ಮದ್ದು ಕಲ್ಲಿನ ಕೆಳಗೆ. ಶತ್ರುವಿನ ಗುಂಡೂ ಅಲ್ಲಿಗೆ ತಾಗದು. ಕಷ್ಟ ಬರುವುದು ತೇವದಿಂದ: ಪೆಟ್ಲುಪ್ಪಿನ ಮದ್ದು ಪಸೆ ಹೀರಿ ಗಂಟುಕಟ್ಟುತ್ತದೆ, ಸರಿಯಾಗಿ ಹೊತ್ತುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅದನ್ನು ಒಣಗಿಸಿಡುವುದೇ ದೊಡ್ಡ ಕೆಲಸ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬಂದರು ಕಾಯಬೇಕಿದ್ದರೆ ಬತ್ತೇರಿ ಕಡಲ ದಂಡೆಯಲ್ಲಿರದೆ ಹೊಳೆಯ ಬದಿಯಲ್ಲಿ ಯಾಕಿದೆ? ಆಗ ಬಂದರು ಇದ್ದದ್ದೇ ಹೊಳೆಯ ಒಳಗೆ. ಅಳಿವೆಯಲ್ಲಿ ಮರಳದಿಬ್ಬ, ದೊಡ್ಡ ಹಡಗು ಹೊರಗೆ ಲಂಗರು ಹಾಕಬೇಕು, ಸರಕೂ ಸೈನಿಕರೂ ದೋಣಿ, ಮಚ್ವೆಗಳಲ್ಲಿ ಒಳಗೆ ಬರಬೇಕು. ಹೊಳೆ ಹೊಕ್ಕ ದೋಣಿಗೆ ತಪ್ಪಿಸಿಕೊಳ್ಳಲು ಜಾಗ ಕಡಿಮೆ. 1768ರಲ್ಲೂ 1783ರಲ್ಲೂ ಮುಂಬಯಿಯಿಂದ ಹಡಗಿನಲ್ಲಿ ಕರಾವಳಿಗೆ ಬಂದಿಳಿದ ಬ್ರಿಟಿಷ್ ಸೈನ್ಯಕ್ಕೆ ಮಂಗಳೂರು ಸಿಕ್ಕಿತ್ತು. ಅದನ್ನು ಬಿಡಿಸಿಕೊಳ್ಳಲು ಟಿಪ್ಪುವಿಗೆ 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಮುತ್ತಿಗೆ ಹಾಕಬೇಕಾಯಿತು. ಬತ್ತೇರಿ ಎದ್ದದ್ದು ಅದೇ ವರ್ಷ.