ತಿಂದ ಕೂಡಲೇ ಕಕ್ಕುವ ಬೆಕ್ಕು

ಊಟ ಹಾಕಿದ್ದೇ ತಡ, ಬಟ್ಟಲು ಖಾಲಿ. ಇನ್ನೈದು ನಿಮಿಷಕ್ಕೆ ಅದೇ ಊಟ ನೆಲದ ಮೇಲೆ. ಅದೂ ಸುಲಭವಾಗಿ ಒರೆಸಬಹುದಾದ ಜಾಗ ಬಿಟ್ಟು, ಹುಡುಕಿಕೊಂಡು ಹೋಗಿ ಕಾರ್ಪೆಟ್ ಮೇಲೆ! ಯಾರನ್ನು ಕೇಳಿದರೂ "ಬೆಕ್ಕು ಅಂದ್ಮೇಲೆ ವಾಂತಿ ಮಾಡುತ್ತೆ, ಬಿಡಿ" ಅನ್ನುತ್ತಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಯಾವಾಗಲೋ ಒಮ್ಮೆ ಆದರೆ ಸರಿ. ವಾರವಾರವೂ ಆಗುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಎಷ್ಟೋ ಸಲ ಅದರ ಸುಳಿವು ನೆಲದ ಮೇಲೆ ಬಿದ್ದಿರುವುದರಲ್ಲೇ ಸಿಗುತ್ತದೆ. ಒರೆಸುವ ಮುಂಚೆ ಒಮ್ಮೆ ನೋಡಿ.

ಮೊದಲು ನೋಡಬೇಕಾದದ್ದು, ಅದು ನಿಜಕ್ಕೂ ವಾಂತಿಯೇ ಅಂತ. ವಾಂತಿ ಮಾಡಿಸುವುದು ಮಿದುಳು. ಕರುಳಿನ ನರಗಳಿಂದಲೋ ರಕ್ತದಲ್ಲಿ ಸೇರಿದ ವಿಷದಿಂದಲೋ ಮಿದುಳಿನ ಬುಡಕ್ಕೆ ಸೂಚನೆ ಹೋಗುತ್ತದೆ, ಅಲ್ಲಿಂದ ಹೊಟ್ಟೆಯ ಸ್ನಾಯುಗಳಿಗೆ ಅಪ್ಪಣೆ ಬರುತ್ತದೆ. ಹಾಗಾಗಿ ನಿಜವಾದ ವಾಂತಿಗೆ ಮುನ್ನ ಬೆಕ್ಕು ತುಟಿ ನೆಕ್ಕುತ್ತದೆ, ಜೊಲ್ಲು ಸುರಿಸುತ್ತದೆ, ಮತ್ತೆ ಮತ್ತೆ ನುಂಗುತ್ತದೆ, ಆಮೇಲೆ ಪಕ್ಕೆಗಳು ಒಳಗೆಳೆದುಕೊಂಡು ಹೊಟ್ಟೆ ಜೋರಾಗಿ ಹಿಂಡುತ್ತದೆ. ಇನ್ನೊಂದು ಥರ ಇದೆ. ಇದರಲ್ಲಿ ಈ ಒದ್ದಾಟ ಯಾವುದೂ ಇಲ್ಲ, ತಲೆ ಬಗ್ಗಿಸಿತು, ತಿಂದದ್ದು ಜಾರಿ ಹೊರಬಂತು, ಅಷ್ಟೇ. ಅಂಗಡಿಯ ಒಣ ಆಹಾರದ ಕಾಳುಗಳು ಹಾಗೇ ಇಡಿಯಾಗಿರುತ್ತವೆ, ರಾಶಿ ಕೊಳವೆಯ ಆಕಾರದಲ್ಲಿರುತ್ತದೆ, ಹಳದಿ ಪಿತ್ತ ಇರುವುದಿಲ್ಲ. ಅಂದರೆ ಊಟ ಅನ್ನನಾಳದಿಂದಲೇ ವಾಪಸ್ ಬಂದಿದೆ. ಪದೇಪದೇ ಹೀಗೇ ಆಗುತ್ತಿದ್ದರೆ ಡಾಕ್ಟರು ಪರೀಕ್ಷಿಸುವ ಜಾಗವೇ ಬೇರೆಯಾಗುತ್ತದೆ. ಬಾಯಲ್ಲಿ ವಿವರಿಸುವುದು ಕಷ್ಟ, ಫೋನಿನಲ್ಲಿ ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ. ನೆಲಕ್ಕೆ ಕೂತು ಕತ್ತು ಚಾಚಿ ಖರ್ರ್ ಖರ್ರ್ ಎಂದರೂ ಏನೂ ಹೊರಬರದಿದ್ದರೆ ಅದು ಕೆಮ್ಮು ಇರಬಹುದು. ಬೆಕ್ಕಿಗೂ ಆಸ್ತಮಾ ಬರುತ್ತದೆ.

ಇನ್ನು ಗಬಗಬ ತಿನ್ನುವ ಚಾಳಿ. ಬೆಕ್ಕಿನ ಹೊಟ್ಟೆ ಸಣ್ಣ ಸಣ್ಣ ಊಟಕ್ಕೆ ಹೊಂದಿಕೊಂಡಿರುವಂಥದ್ದು. ಒಂದು ಇಲಿಯಲ್ಲಿ ಸುಮಾರು 30 ಕ್ಯಾಲೊರಿ ಇರುತ್ತದೆ. 4 ಕೆಜಿಯ ಸಾಕುಬೆಕ್ಕಿಗೆ ದಿನಕ್ಕೆ ಹೆಚ್ಚುಕಮ್ಮಿ 200ರಿಂದ 250 ಕ್ಯಾಲೊರಿ ಬೇಕು. ಅಂದರೆ ದಿನಕ್ಕೆ ಏಳೆಂಟು ಇಲಿ, ಅದೂ ಹಗಲು ರಾತ್ರಿ ಹಂಚಿಕೊಂಡು. ನಾವೋ ಇದನ್ನೆಲ್ಲ ಎರಡೇ ಸಲಕ್ಕೆ ಬಟ್ಟಲಿಗೆ ಸುರಿದುಬಿಡುತ್ತೇವೆ. ಅದರ 30 ಹಲ್ಲುಗಳಲ್ಲಿ ನಮ್ಮ ದವಡೆ ಹಲ್ಲಿನಂತೆ ಅರೆಯುವುದಕ್ಕೆ ಒಂದೂ ಇಲ್ಲ, ಎಲ್ಲ ಹಿಡಿಯುವುದಕ್ಕೆ ಮತ್ತು ಕತ್ತರಿಸುವುದಕ್ಕೆ. ಒಣ ಕಾಳನ್ನು ಎಷ್ಟೋ ಬೆಕ್ಕುಗಳು ಹಾಗೇ ನುಂಗುತ್ತವೆ, ಹೊಟ್ಟೆ ಒಮ್ಮೆಲೇ ಬಿಗಿದುಕೊಂಡು ಎಲ್ಲ ವಾಪಸ್.

ಇದಕ್ಕೆ ಮದ್ದು ಬೇಕಿಲ್ಲ. ಅಷ್ಟೇ ಊಟವನ್ನು ನಾಲ್ಕೈದು ಸಲಕ್ಕೆ ಹಂಚಿ. ಬಟ್ಟಲಿನ ಬದಲು ಅಗಲವಾದ ತಟ್ಟೆಯಲ್ಲಿ ಕಾಳನ್ನು ಚೆದುರಿಸಿ ಹಾಕಿ, ಒಂದೊಂದೇ ಹೆಕ್ಕಿ ತಿನ್ನಲಿ. ಸ್ವಲ್ಪ ನೀರಲ್ಲಿ ನೆನೆಸಿಕೊಟ್ಟರೂ ಆದೀತು. ಮನೆಯಲ್ಲಿ ಎರಡು ಮೂರು ಬೆಕ್ಕಿದ್ದರೆ ಒಂದಕ್ಕೊಂದು ಕಾಣದ ಹಾಗೆ ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಪಕ್ಕದವನು ಕಸಿದುಕೊಂಡಾನು ಅನ್ನುವ ಭಯಕ್ಕೇ ಎಷ್ಟೋ ಬೆಕ್ಕುಗಳು ಉಸಿರು ಕಟ್ಟಿ ತಿನ್ನುತ್ತವೆ.

ಕೂದಲಿನ ಉಂಡೆಯ ಮೇಲೆ ಎಲ್ಲರಿಗೂ ಅನುಮಾನ ಜಾಸ್ತಿ. ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ, ಮೈ ನೆಕ್ಕುವಾಗ ಸಿಕ್ಕ ಕೂದಲು ಒಳಗೇ ಹೋಗಬೇಕು. ಅದರಲ್ಲಿ ಹೆಚ್ಚಿನದು ಮಲದಲ್ಲಿ ಹೊರಟುಹೋಗುತ್ತದೆ. ಹಾಗಾಗದೆ ಮೇಲಿಂದ ಮೇಲೆ ಉಂಡೆ ಬರುತ್ತಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಮೈ ಕಡಿತಕ್ಕೆ ಜಾಸ್ತಿ ನೆಕ್ಕಿಕೊಳ್ಳುತ್ತಿದೆಯಾ? ಇಲ್ಲಾ, ಕರುಳು ಸರಿಯಾಗಿ ಮುಂದಕ್ಕೆ ತಳ್ಳುತ್ತಿಲ್ಲವಾ? ದಿನಾ ಬಾಚುವುದು ಒಳ್ಳೆಯದೇ, ಆದರೆ ಬಾಚಣಿಗೆಯೊಂದೇ ಇದಕ್ಕೆ ಉತ್ತರ ಅಲ್ಲ.

ಊಟವೇ ಒಗ್ಗದಿರಬಹುದು. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಅದನ್ನು ಸುಮ್ನೆ ನಿಲ್ಲಿಸಿ. ಕೆಲವಕ್ಕೆ ಒಂದು ಬಗೆಯ ಮಾಂಸವೇ ಆಗದು. ಅದನ್ನು ಕಂಡುಹಿಡಿಯಲು ಡಾಕ್ಟರು ಹೇಳಿದ ಒಂದೇ ಆಹಾರವನ್ನು ಕೆಲವು ವಾರ ಕೊಡಬೇಕಾಗುತ್ತದೆ. ನಡುವೆ ಯಾರೋ ಮುದ್ದಿಗೆ ಅಂತ ಒಂದು ಚೂರು ಬೇರೆ ತಿಂಡಿ ಹಾಕಿದರೆ ಲೆಕ್ಕವೆಲ್ಲ ಕೆಟ್ಟಂತೆ. ಆಹಾರ ಬದಲಿಸುವುದಾದರೆ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತಾ 7ರಿಂದ 10 ದಿನ ತೆಗೆದುಕೊಳ್ಳಿ.

ವಯಸ್ಸಾದ ಬೆಕ್ಕಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ. ಥೈರಾಯ್ಡ್ ಜಾಸ್ತಿಯಾದ ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಕಕ್ಕುತ್ತದೆ, ಆದರೂ ಸೊರಗುತ್ತದೆ. ಕಿಡ್ನಿ ತೊಂದರೆ, ಕರುಳಿನ ಉರಿಯೂತ, ಕರುಳಿನ ಕ್ಯಾನ್ಸರ್ ಕೂಡ ಬರೀ ವಾಂತಿಯಾಗಿಯೇ ಶುರುವಾಗಬಹುದು. ಇಲ್ಲಿ ತೂಕವೇ ದೊಡ್ಡ ಸಾಕ್ಷಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ, ತಿಂಗಳಿಗೊಮ್ಮೆ ಬರೆದಿಡಿ. 400 ಗ್ರಾಂ ಇಳಿದರೆ ನಮಗೆ ಏನೂ ಅನಿಸುವುದಿಲ್ಲ, 4 ಕೆಜಿಯ ಪ್ರಾಣಿಗೆ ಅದು ಹತ್ತರಲ್ಲಿ ಒಂದು ಪಾಲು! ತುಪ್ಪಳದ ಮರೆಯಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ.

ಹೊಟ್ಟೆ ಸರಿಯಾಗಲಿ ಅಂತ ದಿನಗಟ್ಟಲೆ ಉಪವಾಸ ಹಾಕಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಳ್ಳಬಹುದು, ದಪ್ಪಗಿರುವ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ನಮ್ಮ ಮಾತ್ರೆ ಮುರಿದು ಕೊಡುವುದಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಕುಡಿದ ನೀರೂ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತವಿದ್ದರೆ, ಲಿಲಿ ಹೂವನ್ನೋ ಎಲೆಯನ್ನೋ ಕಡಿದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ದಾರ ನುಂಗಿದ ಬೆಕ್ಕೂ ಇದೇ ಸಾಲಿಗೆ ಸೇರಿದ್ದು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿದ್ದು ಇನ್ನೊಂದು ತುದಿ ಕರುಳಿಗೆ ಇಳಿದಿರಬಹುದು. ಬಾಯಲ್ಲೋ ಹಿಂದುಗಡೆಯೋ ತುದಿ ಕಂಡರೆ ಎಳೆಯಬೇಡಿ, ಎಳೆದರೆ ಅದು ಕರುಳನ್ನೇ ಕೊಯ್ದುಬಿಡಬಹುದು. ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ.