ಅಪ್ಪ ಕುರಿ ಕದ್ದರೆ ಮಗ ಸಾಕ್ಷಿ ಹೇಳಬೇಕಾ?

ಕ್ರಿಮಿನಲ್ ಕೇಸು ನಡೆಸುವ ವಕೀಲರಿಗೆಲ್ಲ ಈ ಪ್ರಶ್ನೆ ಗೊತ್ತು. ಮಗನ ಮೇಲೆ ಕೇಸಾಗಿರುತ್ತದೆ, ಸಾಕ್ಷಿಗಳ ಪಟ್ಟಿಯಲ್ಲಿ ತಾಯಿಯ ಹೆಸರು ಇರುತ್ತದೆ, ಸಮನ್ಸ್ ಕೈಲಿ ಹಿಡ್ಕೊಂಡು ಬಂದ ಆಕೆ ಕೇಳುತ್ತಾರೆ, "ಸಾರ್, ನಾನೇ ಹೋಗಿ ಹೇಳಲೇಬೇಕಾ?" ನಮ್ಮ ಕಾನೂನಿನ ಪ್ರಕಾರ ಹೇಳಲೇಬೇಕು. ಗಂಡ ಹೆಂಡತಿ ನಡುವೆ ನಡೆದ ಮಾತಿಗೆ ರಕ್ಷಣೆ ಇದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅದು 122ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 128. ಅಪ್ಪ ಅಮ್ಮ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಎಷ್ಟೋ ತಾಯಂದಿರು ಸಾಕ್ಷಿಕಟ್ಟೆ ಹತ್ತಿ "ನಾನು ಏನೂ ನೋಡಿಲ್ಲ" ಅಂತಾರೆ. ಸಾಕ್ಷಿ ಹಾಸ್ಟೈಲ್ ಆದರು ಎಂದು ನಾವು ಬರೆದುಕೊಳ್ಳುತ್ತೇವೆ, ಅಷ್ಟೇ.

ಇದೇ ಪ್ರಶ್ನೆಯನ್ನು ಎರಡೂವರೆ ಸಾವಿರ ವರ್ಷದ ಹಿಂದೆ ಚೀನಾದಲ್ಲಿ ನೇರವಾಗಿ ಎತ್ತಿದ್ದರು. ಅಲ್ಲಿನ ದೊಡ್ಡ ದೊಡ್ಡ ಚಿಂತಕರೆಲ್ಲ ಅದಕ್ಕೆ ಉತ್ತರ ಕೊಟ್ಟಿದ್ದಾರೆ, ಒಬ್ಬರದ್ದು ಇನ್ನೊಬ್ಬರಿಗೆ ಒಪ್ಪಿಗೆ ಆಗಿಲ್ಲ.

ಕನ್ಫ್ಯೂಷಿಯಸ್ (ಕ್ರಿ.ಪೂ. 551–479) ಊರೂರು ಸುತ್ತುತ್ತಿದ್ದ ಕಾಲ. ಷೆ ಎಂಬ ಪ್ರಾಂತ್ಯದ ಅಧಿಪತಿ ಅವನ ಹತ್ತಿರ ಹೆಮ್ಮೆಯಿಂದ ಹೇಳುತ್ತಾನೆ: ನಮ್ಮಲ್ಲಿ ಒಬ್ಬ ಎಂಥ ಪ್ರಾಮಾಣಿಕ ಇದ್ದಾನೆ ಗೊತ್ತಾ, ಅವನ ಅಪ್ಪ ಕುರಿ ಕದ್ದ, ಮಗನೇ ಬಂದು ಸಾಕ್ಷಿ ಹೇಳಿದ. ಕನ್ಫ್ಯೂಷಿಯಸ್ ಒಪ್ಪುವುದಿಲ್ಲ. ನಮ್ಮ ಕಡೆ ಪ್ರಾಮಾಣಿಕರು ಬೇರೆ ಥರ, ಮಗನ ತಪ್ಪನ್ನು ಅಪ್ಪ ಮುಚ್ಚುತ್ತಾನೆ, ಅಪ್ಪನ ತಪ್ಪನ್ನು ಮಗ ಮುಚ್ಚುತ್ತಾನೆ, ಪ್ರಾಮಾಣಿಕತೆ ಇರುವುದೇ ಅದರಲ್ಲಿ ಅನ್ನುತ್ತಾನೆ.

ಮೊದಲ ಸಲ ಓದಿದವರಿಗೆ ಸಿಟ್ಟು ಬರುತ್ತದೆ. ಇದು ಸ್ವಜನ ಪಕ್ಷಪಾತ ಅಲ್ವಾ? ಆದರೆ ಅವನು ಹೇಳಿದ್ದು ಎಷ್ಟು, ಹೇಳದೇ ಇದ್ದದ್ದು ಎಷ್ಟು ಎಂದು ನೋಡಿ. ಕದ್ದದ್ದು ಸರಿ ಅಂದಿಲ್ಲ. ಕುರಿ ವಾಪಸ್ ಕೊಡಬೇಡ ಅಂದಿಲ್ಲ. ಕಳ್ಳನನ್ನು ಹಿಡಿಯಬೇಡಿ ಎಂದು ಅಧಿಕಾರಿಗಳಿಗೂ ಹೇಳಿಲ್ಲ. ಅಪ್ಪ ಅಮ್ಮ ತಪ್ಪು ಮಾಡಿದಾಗ ಮೆತ್ತಗೆ ತಿದ್ದಿ ಹೇಳಬೇಕು ಎಂದು ಇನ್ನೊಂದು ಕಡೆ ಅವನೇ ಹೇಳುತ್ತಾನೆ. ಅವನ ಪಾಲಿಗೆ ಮನೆಯೇ ಒಳ್ಳೆಯತನದ ಮೊದಲ ಪಾಠಶಾಲೆ. ಅಪ್ಪನನ್ನೇ ಹಿಡಿದುಕೊಟ್ಟು ಹೊಗಳಿಸಿಕೊಳ್ಳುವವನು ನಾಳೆ ಊರಿಗೆ, ರಾಜನಿಗೆ ನಿಷ್ಠನಾಗಿರುತ್ತಾನೆ ಎಂದು ನಂಬುವುದು ಹೇಗೆ? ವ್ಯಾಜ್ಯ ಕೇಳುವುದರಲ್ಲಿ ನಾನೂ ಎಲ್ಲರ ಹಾಗೇ, ವ್ಯಾಜ್ಯವೇ ಹುಟ್ಟದ ಹಾಗೆ ಮಾಡುವುದು ಮುಖ್ಯ ಎಂದೂ ಅವನು ಹೇಳಿದ್ದಾನೆ. ಕೋರ್ಟಿನಲ್ಲೇ ದಿನ ಕಳೆಯುವ ನನಗೆ ಆ ಮಾತು ತುಂಬಾ ದೊಡ್ಡದು.

ಈಗ ಎದುರು ಪಕ್ಷ. ಹಾನ್ ಫೇ, ಕ್ರಿ.ಪೂ. 3ನೇ ಶತಮಾನದವನು, ಅದೇ ಕುರಿ ಕಥೆಯನ್ನು ತಿರುಗಿಸಿ ಹೇಳುತ್ತಾನೆ. ಚು ರಾಜ್ಯದಲ್ಲಿ ಮಗ ಬಂದು ದೂರು ಕೊಟ್ಟ, ಅಲ್ಲಿನ ಮಂತ್ರಿ ಅಪ್ಪನಿಗೆ ದ್ರೋಹ ಮಾಡಿದ ಎಂದು ಮಗನನ್ನೇ ಕೊಲ್ಲಿಸಿದ. ಜೊತೆಗೆ ಇನ್ನೊಂದು ಕಥೆ. ಲೂ ರಾಜ್ಯದ ಸೈನಿಕ ಮೂರು ಸಲ ಯುದ್ಧಕ್ಕೆ ಹೋಗಿ ಮೂರು ಸಲವೂ ಓಡಿ ಬಂದ, ಯಾಕೆ ಅಂದರೆ ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾನೆ, ನಾನು ಸತ್ತರೆ ನೋಡಿಕೊಳ್ಳುವವರಿಲ್ಲ ಅಂದ. ಕನ್ಫ್ಯೂಷಿಯಸ್ ಮೆಚ್ಚಿ ಅವನಿಗೆ ಬಡ್ತಿ ಕೊಡಿಸಿದನಂತೆ. ಪರಿಣಾಮ ಏನಾಯ್ತು? ಚು ರಾಜ್ಯದಲ್ಲಿ ಅಪರಾಧಗಳು ಮೇಲಿನವರಿಗೆ ಗೊತ್ತಾಗುವುದೇ ನಿಂತುಹೋಯಿತು, ಲೂ ಜನ ಯುದ್ಧದಲ್ಲಿ ಸುಲಭವಾಗಿ ಸೋಲೊಪ್ಪತೊಡಗಿದರು ಎಂದು ಹಾನ್ ಫೇ ವಾದ ಮುಗಿಸುತ್ತಾನೆ.

ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲ ಅದು. ಒಳ್ಳೆಯ ಮನುಷ್ಯರು ಬೆರಳೆಣಿಕೆಯಷ್ಟು, ಸರ್ಕಾರಿ ಹುದ್ದೆಗಳು ನೂರಾರು, ಆದ್ದರಿಂದ ಒಳ್ಳೆಯತನ ನೆಚ್ಚಿಕೊಂಡು ಆಡಳಿತ ನಡೆಯಲ್ಲ, ಎಲ್ಲರಿಗೂ ಒಂದೇ ಕಾನೂನು ಬೇಕು ಎಂಬ ಅವನ ಮಾತು ಗಟ್ಟಿಯಾದದ್ದು. ಆದರೆ ಆ ದಾರಿಯಲ್ಲಿ ನಡೆದ ಛಿನ್ ರಾಜ್ಯ ಎಲ್ಲಿಗೆ ಮುಟ್ಟಿತು ನೋಡಿ. ಹಾನ್ ಫೇಗಿಂತ ನೂರು ವರ್ಷ ಮೊದಲೇ ಶಾಂಗ್ ಯಾಂಗ್ ಎಂಬ ಮಂತ್ರಿ ಅಲ್ಲಿ ಐದೈದು, ಹತ್ತತ್ತು ಮನೆಗಳ ಗುಂಪು ಕಟ್ಟಿದ್ದ. ಒಬ್ಬರ ತಪ್ಪಿಗೆ ಉಳಿದವರೂ ಹೊಣೆ, ಗೊತ್ತಿದ್ದೂ ದೂರು ಕೊಡದಿದ್ದರೆ ಘೋರ ಶಿಕ್ಷೆ. ಕ್ರಿ.ಪೂ. 221ರಲ್ಲಿ ಛಿನ್ ಇಡೀ ಚೀನಾವನ್ನು ಗೆದ್ದಿತು. ಹದಿನೈದು ವರ್ಷ ತುಂಬುವಷ್ಟರಲ್ಲಿ ಬಿದ್ದೂ ಹೋಯಿತು. ಹಾನ್ ಫೇ ಸ್ವತಃ ಆ ಗೆಲುವನ್ನು ನೋಡಲಿಲ್ಲ, ಕ್ರಿ.ಪೂ. 233ರಲ್ಲಿ ಅದೇ ಛಿನ್ ರಾಜ್ಯದ ಸೆರೆಮನೆಯಲ್ಲಿ ಸತ್ತ.

ನನಗೆ ಎಲ್ಲರಿಗಿಂತ ಜಾಸ್ತಿ ಹಿಡಿಸುವುದು ಮೆನ್ಸಿಯಸ್ ಕೊಟ್ಟ ಉತ್ತರ. ಕನ್ಫ್ಯೂಷಿಯಸ್ ತೀರಿಕೊಂಡು ನೂರು ವರ್ಷದ ಮೇಲೆ ಹುಟ್ಟಿದವನು, ಅವನ ದಾರಿಯಲ್ಲೇ ನಡೆದವನು. ಇಲ್ಲಿ ಪ್ರಶ್ನೆ ಇನ್ನೂ ಕಷ್ಟದ್ದು. ಶುನ್ ಎಂಬ ಪುರಾತನ ಆದರ್ಶ ಚಕ್ರವರ್ತಿ ಸಿಂಹಾಸನದ ಮೇಲಿದ್ದಾನೆ, ಗಾವ್ ಯಾವ್ ಅವನ ನ್ಯಾಯಾಧಿಕಾರಿ. ಶುನ್‌ನ ಅಪ್ಪ ಒಬ್ಬನನ್ನು ಕೊಂದರೆ ಏನು ಮಾಡಬೇಕು ಎಂದು ಟಾವ್ ಯಿಂಗ್ ಎಂಬ ಶಿಷ್ಯ ಕೇಳುತ್ತಾನೆ. ಬಂಧಿಸಬೇಕು, ಅಷ್ಟೇ ಅನ್ನುತ್ತಾನೆ ಮೆನ್ಸಿಯಸ್. ಶುನ್ ತಡೆಯುವುದಿಲ್ಲವಾ? ಅವನು ಹೇಗೆ ತಡೆಯುತ್ತಾನೆ, ಗಾವ್ ಯಾವ್‌ಗೆ ಅದು ಪರಂಪರೆಯಿಂದ ಬಂದ ಅಧಿಕಾರ. ಹಾಗಾದರೆ ಶುನ್ ಏನು ಮಾಡಬೇಕು? ಹರಿದ ಚಪ್ಪಲಿ ಎಸೆಯುವಂತೆ ರಾಜ್ಯವನ್ನು ಬಿಟ್ಟು, ಗುಟ್ಟಾಗಿ ಅಪ್ಪನನ್ನು ಹೊತ್ತುಕೊಂಡು ಸಮುದ್ರ ತೀರಕ್ಕೆ ಓಡಿಹೋಗಿ, ರಾಜ್ಯವನ್ನೇ ಮರೆತು ಅಲ್ಲೇ ಸಂತೋಷವಾಗಿ ಇರುತ್ತಾನೆ.

ಕೊಲೆಗಾರ ಅಪ್ಪನ ಜೊತೆ ಓಡಿಹೋಗುವುದು ಸರಿಯಾ ಎಂದು ಈಗಲೂ ವಾದ ನಡೆಯುತ್ತದೆ, ನ್ಯಾಯವೇ. ನನ್ನ ಗಮನ ಮಾತ್ರ ಸಿಂಹಾಸನದ ಮೇಲೆ. ಅಪ್ಪನನ್ನು ಉಳಿಸಬೇಕು ಅಂದರೆ ಮೊದಲು ಕುರ್ಚಿ ಬಿಡಬೇಕು. ಒಂದು ಆಜ್ಞೆ ಹೊರಡಿಸಿ ಕೇಸು ಮುಚ್ಚಿಸುವ ದಾರಿಯನ್ನು ಮೆನ್ಸಿಯಸ್ ಚಕ್ರವರ್ತಿಗೂ ಕೊಡುವುದಿಲ್ಲ. ಕುರಿ ಕದ್ದವನ ಮಗನ ಕೈಲಿ ಯಾವ ಅಧಿಕಾರವೂ ಇರಲಿಲ್ಲ, ಇದ್ದದ್ದು ಅವನ ಬಾಯಿ ಒಂದೇ, ಅದನ್ನು ಮುಚ್ಚಿಕೊಳ್ಳಬಹುದು ಎಂದಷ್ಟೇ ಕನ್ಫ್ಯೂಷಿಯಸ್ ಹೇಳಿದ್ದು. ತಮ್ಮ ಮಕ್ಕಳನ್ನು ಅಧಿಕಾರ ಬಳಸಿ ಬಿಡಿಸಿಕೊಳ್ಳುವವರು ಇವರಿಬ್ಬರ ಹೆಸರನ್ನು ನೆಪಕ್ಕೂ ತೆಗೆದುಕೊಳ್ಳುವ ಹಾಗಿಲ್ಲ.

ಮುಂದೆ ಇದು ಕಾನೂನೇ ಆಯಿತು. ಕ್ರಿ.ಪೂ. 66ರಲ್ಲಿ ಹಾನ್ ವಂಶದ ಚಕ್ರವರ್ತಿ ಶ್ವಾನ್ ಹೊರಡಿಸಿದ ಆಜ್ಞೆಯಲ್ಲಿ ಅಪ್ಪ ಅಮ್ಮನನ್ನು ಮರೆಮಾಡಿದ ಮಕ್ಕಳಿಗೆ, ಗಂಡನನ್ನು ಮರೆಮಾಡಿದ ಹೆಂಡತಿಗೆ ಶಿಕ್ಷೆ ಇಲ್ಲ ಎಂದಾಯಿತು. ಕ್ರಿ.ಶ. 7ನೇ ಶತಮಾನದ ಟಾಂಗ್ ವಂಶದ ಕಾನೂನು ಸಂಹಿತೆ ಇನ್ನೂ ಮುಂದೆ ಹೋಯಿತು. ಒಟ್ಟಿಗೆ ಬಾಳುವ ಬಂಧುಗಳಿಗೆಲ್ಲ ಈ ವಿನಾಯಿತಿ ಸಿಕ್ಕಿತು, ರಾಜದ್ರೋಹದಂಥ ಅಪರಾಧಕ್ಕೆ ಮಾತ್ರ ಇಲ್ಲ. ಆದರೆ ಅದೇ ಸಂಹಿತೆ ಅಪ್ಪ ಅಮ್ಮನ ಮೇಲೆ ದೂರು ಕೊಟ್ಟ ಮಗನಿಗೆ ಕತ್ತು ಬಿಗಿದು ಕೊಲ್ಲುವ ಶಿಕ್ಷೆ ಇಟ್ಟಿತು. ಕನ್ಫ್ಯೂಷಿಯಸ್ ಇಂಥದ್ದನ್ನು ಎಲ್ಲಿ ಹೇಳಿದ್ದ? ಬಾಯಿ ಮುಚ್ಚಿಕೊಳ್ಳುವ ಸ್ವಾತಂತ್ರ್ಯವನ್ನು ಬಾಯಿ ಮುಚ್ಚಿಸುವ ಬಲವಂತ ಮಾಡಿಬಿಟ್ಟರು.

ಕಮ್ಯುನಿಸ್ಟ್ ನಾಯಕ ಮಾವೋ ಶುರುಮಾಡಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ (1966–76) ಚೀನಾ ಪೂರ್ತಿ ಉಲ್ಟಾ ದಿಕ್ಕಿಗೆ ಹೋಯಿತು. ಮಕ್ಕಳು ಅಪ್ಪ ಅಮ್ಮನ ಮೇಲೆ ದೂರು ಕೊಡುವುದೇ ದೊಡ್ಡ ಗುಣ ಅನ್ನಿಸಿಕೊಂಡಿತು. 1970ರಲ್ಲಿ ಹದಿಹರೆಯದ ಒಬ್ಬ ಹುಡುಗ, ಮನೆಯೊಳಗೆ ಮಾವೋ ವಿರುದ್ಧ ಮಾತಾಡಿದಳು ಎಂದು ತನ್ನ ತಾಯಿಯ ಮೇಲೆ ದೂರು ಕೊಟ್ಟ, ಆಕೆಯನ್ನು ಗುಂಡಿಕ್ಕಿ ಕೊಂದರು. 2013ರಲ್ಲಿ ಆತ ಎಲ್ಲರೆದುರು ಕ್ಷಮೆ ಕೇಳಿದ. ಅದಕ್ಕೆ ಒಂದು ವರ್ಷ ಮೊದಲು, 2012ರಲ್ಲಿ, ಚೀನಾ ತನ್ನ ಕ್ರಿಮಿನಲ್ ಪ್ರಕ್ರಿಯಾ ಕಾನೂನನ್ನು ತಿದ್ದಿ, ಆರೋಪಿಯ ಗಂಡ ಅಥವಾ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಇವರನ್ನು ಸಾಕ್ಷಿ ಹೇಳಲು ಬಲವಂತವಾಗಿ ಕೋರ್ಟಿಗೆ ಎಳೆದು ತರುವಂತಿಲ್ಲ ಎಂದು ಸೇರಿಸಿತು.

ನಮ್ಮಲ್ಲೂ ಅಪ್ಪ ಅಮ್ಮ ಮಕ್ಕಳಿಗೆ ಇಂಥ ಒಂದು ವಿನಾಯಿತಿ ಬೇಕು ಎಂದು ನಾನು ನಂಬಿದ್ದೇನೆ. ತಾನಾಗಿ ಸಾಕ್ಷಿ ಹೇಳಲು ಬಂದವರನ್ನು ತಡೆಯಬಾರದು, ಬರಲ್ಲ ಅಂದವರನ್ನು ಎಳೆಯಬಾರದು. ಒಂದು ಕಡೆ ಮಾತ್ರ ಇದು ಕೂಡದು: ಏಟು ತಿಂದವರು ಅದೇ ಮನೆಯ ಸೊಸೆಯೋ ಮಗುವೋ ಆಗಿದ್ದಾಗ. ಅಂಥ ಕೇಸಿನಲ್ಲಿ ಮನೆಯವರನ್ನು ಬಿಟ್ಟರೆ ಬೇರೆ ಸಾಕ್ಷಿಯೇ ಇರುವುದಿಲ್ಲ.